ನೀರಿಗಿಳಿದ ಬಾವಿಯ ಕಾಗದ

ಹಳೆಯ ಕಾಗದ ಕಾಪಾಡುವ ವಿದ್ಯೆಯಲ್ಲಿ ನಾನು ಆರು ವಾರದ ಪಂಡಿತ. ಸರ್ಕಾರ ನನ್ನನ್ನು ದಿಲ್ಲಿಗೆ ಕಳಿಸಿ, ಹರಿದದ್ದನ್ನು ಅಂಟಿಸುವುದು, ಹುಳ ಹಿಡಿದದ್ದಕ್ಕೆ ಹೊಗೆ ಹಾಕುವುದು, ಕೊಳೆಯಾದದ್ದನ್ನು ತೊಳೆಯುವುದು ಇಷ್ಟನ್ನೂ ಕಲಿಸಿ, ಕೈಗೊಂದು ಸರ್ಟಿಫಿಕೇಟು ಕೊಟ್ಟು, ನಾಗಪುರದ ದಾಖಲೆ ಕೋಣೆಗೆ ವಾಪಸು ಕಳಿಸಿತು. ನಾಗಪುರ ಆಗಿನ್ನೂ ಮಧ್ಯಪ್ರದೇಶದ ರಾಜಧಾನಿ. ಅಲ್ಲಿನ ನೌಕರರಿಗೆ ಅದೇ ವಿದ್ಯೆಯನ್ನು ಧಾರೆಯೆರೆಯುವ ಭಾರ ನನ್ನ ಮೇಲೆ ಬಿತ್ತು. ಇಪ್ಪತ್ತೇಳರ ಪ್ರಾಯ. ಭಾರ ಹೊರಲು ಭುಜಕ್ಕಿಂತ ಮೊದಲು ಮುಖವನ್ನು ಸಿದ್ಧ ಮಾಡಿಕೊಂಡೆ. ನಗುವುದನ್ನು ಬಿಟ್ಟೆ.

ಶಿಷ್ಯರು ನಾಲ್ವರು. ಇಬ್ಬರು ಬಸ್ತಾ ಹೊರುವವರು. ಬಸ್ತಾ ಎಂದರೆ ಕೆಂಪು ಬಟ್ಟೆಯಲ್ಲಿ ಕಟ್ಟಿದ ಕಾಗದದ ಗಂಟು. ಮೂರನೆಯವರು ಮರಾಠಿ ಗುಮಾಸ್ತರು. ಹಳೆಯ ರಾಜರ ಕಾಲದ ಕಾಗದಗಳು ಮೋಡಿ ಲಿಪಿಯಲ್ಲಿದ್ದವು, ಅದನ್ನು ಓದಬಲ್ಲವರು ಇವರೊಬ್ಬರೇ. ಇವರು ರಜೆ ಹಾಕಿದ ದಿನ ಅರ್ಧ ಕೋಣೆ ಮೂಕವಾಗುತ್ತಿತ್ತು. ನಾಲ್ಕನೆಯವರು ಪುಸ್ತಕ ಕಟ್ಟುವ ದಫ್ತರಿ, ಬೆಳಗಾವಿ ಕಡೆಯವರು, ನಿವೃತ್ತಿಗೆ ಎರಡು ವರ್ಷ ಉಳಿದವರು. ಎಲ್ಲರಿಗೂ ಅವರು ಕಾಕಾ. ಮೊದಲ ದಿನವೇ ನನ್ನ ಮೈಸೂರು ಕನ್ನಡ ಕೇಳಿ ತಲೆಯಾಡಿಸಿದ್ದರು.

“ಭಾಳ ಮೆತ್ತಗ ಮಾತಾಡ್ತೀರಿ, ಸಾಹೇಬ್ರ. ಹಿಂಗ ಮಾತಾಡಿದ್ರ ಇತವಾರಿ ಬಜಾರದೊಳಗ ನಿಮಗ ಹುಳುಕ ಜ್ವಾಳಾನ ಕಟ್ತಾರ.”

ಕರಿಹಲಗೆಯ ಮೇಲೆ ನಿಯಮ ಬರೆದೆ. ಬೆರಳಿಗೆ ಎಂಜಲು ಹಚ್ಚಿ ಹಾಳೆ ತಿರುವಬಾರದು. ಕಾಗದದ ಹತ್ತಿರ ಚಹಾ, ಬೀಡಿ ಸಲ್ಲದು. ಗುರುಗಳು ಮಾಡಿ ತೋರಿಸುವಾಗ ಯಾರೂ ಮಾತಾಡಬಾರದು. ಈ ಕೊನೆಯದನ್ನು ದಿಲ್ಲಿಯಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ. ಆ ಶಾಸ್ತ್ರಕ್ಕೆ ಅದು ನನ್ನ ಸ್ವಂತ ಕೊಡುಗೆ.

ತೊಳೆಯುವ ಪಾಠ ಬಂದದ್ದು ಮೇ ತಿಂಗಳಲ್ಲಿ. ಅದಕ್ಕೆ ಎರಡು ದಿನ ಮೊದಲು ಉಮರೇಡ್ ಕಡೆಯ ಒಬ್ಬ ಮುದುಕರು ಕಾಗದದ ನಕಲು ಕೇಳಿಕೊಂಡು ಬಂದಿದ್ದರು. ಅವರ ಕಿತ್ತಳೆ ತೋಟಕ್ಕೂ ದಾಯಾದಿ ಅಣ್ಣನ ತೋಟಕ್ಕೂ ನಡುವೆ ಒಂದು ಬಾವಿ. ಅಣ್ಣ ಈಗ, ಬಾವಿ ತನ್ನೊಬ್ಬನದೇ ಎಂದು ಅದರ ಬಾಯಿಗೆ ಮರದ ಹಲಗೆ ಹಾಕಿ ಮೊಳೆ ಹೊಡೆದು ಮುಚ್ಚಿಬಿಟ್ಟಿದ್ದ. ಮುತ್ತಜ್ಜನ ಕಾಲದ ಪಾಲುಪತ್ರ ನಮ್ಮಲ್ಲಿ ಸಿಕ್ಕಿತು. ಆದರೆ ಯಾವುದೋ ಮಳೆಗಾಲ ಸೂರು ಸೋರಿ, ಹಂಚಿನ ಮಣ್ಣೆಲ್ಲ ಆ ಹಾಳೆಯ ನಡುಭಾಗಕ್ಕೇ ಇಳಿದಿತ್ತು. ಗುಮಾಸ್ತರು ಮೇಲಿನ ಸಾಲು ಓದಿದರು, ಕೆಳಗಿನ ಸಾಲು ಓದಿದರು. ಬಾವಿ ಇದ್ದಿರಬೇಕಾದ ಕಡೆ ಬರೀ ಕೆಸರು. ನಕಲಿಲ್ಲದೆ ಹೋದರೆ ಮುಂದಿನ ವಾರ ತಹಸೀಲು ಕಚೇರಿಯ ವಿಚಾರಣೆಯಲ್ಲಿ ತಮ್ಮ ಮಾತು ನಿಲ್ಲುವುದಿಲ್ಲ ಎಂದರು ಮುದುಕರು. ಈ ಬೇಸಿಗೆ ದಾಟುವುದರೊಳಗೆ ಗಿಡಗಳೂ ನಿಲ್ಲುವುದಿಲ್ಲ.

“ತೊಳೆದು ಕೊಡುತ್ತೇವೆ,” ಎಂದೆ ನಾನು, ಗಂಗಾವತರಣ ಮಾಡಿಸುವವನ ಗಾಂಭೀರ್ಯದಲ್ಲಿ. ಪಾಠಕ್ಕೂ ಆಯಿತು, ಅವರ ಕೆಲಸಕ್ಕೂ ಆಯಿತು.

ಆ ಬೆಳಿಗ್ಗೆ ಮುದುಕರು ಹೊರಗಿನ ಬೆಂಚಿನ ಮೇಲೆ ಗಂಟು ಇಟ್ಟುಕೊಂಡು ಕೂತರು. ಒಳಗೆ ಹೊಸ ತಗಡಿನ ತಟ್ಟೆ, ಅದರ ತಳಕ್ಕೆ ಗಾಜಿನ ಹಲಗೆ, ಮೇಲೆ ಸೋಸಿದ ನೀರು. ನಾನು ತೋಳು ಮಡಚಿದೆ.

“ಸಾಹೇಬ್ರ,” ಎಂದರು ಕಾಕಾ, “ಈ ಮಸಿ...”

“ಕಾಕಾ, ಮೂರನೆಯ ನಿಯಮ.”

“ನಿಯಮ ಐತ್ರಿ, ಖರೆ. ಆದ್ರ ಮಸಿ...”

“ಪ್ರಶ್ನೆ ಆಮೇಲೆ.”

ಕಾಗದವನ್ನು ನೀರಿಗೆ ಇಳಿಸಿದೆ. ಮಣ್ಣು ಮೆಲ್ಲಗೆ ಬಿಟ್ಟುಕೊಳ್ಳತೊಡಗಿತು. “ನೋಡಿ,” ಎಂದೆ. ಎಲ್ಲರೂ ನೋಡಿದರು. ಕಂದು ಬಣ್ಣದ ನಡುವೆ ಒಂದು ಅಕ್ಷರದಿಂದ ಕಪ್ಪು ಎಳೆಯೊಂದು ಊದುಬತ್ತಿಯ ಹೊಗೆಯ ಹಾಗೆ ಎದ್ದಿತು. ಅದರ ಪಕ್ಕದಲ್ಲಿ ಇನ್ನೊಂದು.

ದಿಲ್ಲಿಯಲ್ಲಿ ನಾವು ತೊಳೆದದ್ದೆಲ್ಲ ಇಂಗ್ಲಿಷ್ ಮಸಿಯ ಕಾಗದ. ಅದು ನೀರಿಗೆ ಜಗ್ಗುವುದಿಲ್ಲ. ಇದು ದೇಶೀ ಮಸಿ. ದೀಪದ ಕಾಡಿಗೆಯನ್ನು ಗೋಂದಿನಲ್ಲಿ ಅರೆದು ಮಾಡಿದ್ದು. ಗೋಂದು ನೀರು ಕಂಡರೆ ಏನು ಮಾಡುತ್ತದೆಂದು ಗಾಳಿಪಟ ಅಂಟಿಸಿದ ಮಕ್ಕಳಿಗೂ ಗೊತ್ತು. ನನಗೆ ಆ ಕ್ಷಣದಲ್ಲಿ ಗೊತ್ತಾಯಿತು.

ಎರಡು ಬೆರಳಿನಲ್ಲಿ ಕಾಗದದ ಮೂಲೆ ಹಿಡಿಯಲು ಹೋದೆ.

“ಕೈ ತಗೀರಿ!”

ಕಾಕಾ ಮೊದಲ ಸಲ ‘ಸಾಹೇಬ್ರ’ ಎನ್ನುವುದನ್ನು ಮರೆತಿದ್ದರು. ತಟ್ಟೆಯೊಳಗೆ ಎರಡೂ ಕೈ ಇಳಿಸಿ, ಗಾಜಿನ ಹಲಗೆಯನ್ನೇ, ನಿದ್ದೆ ಹೋದ ಕೂಸನ್ನು ಎತ್ತುವಂತೆ, ಅಲುಗಿಸದೆ ಮೇಲೆತ್ತಿದರು. ಕಾಗದ ಅದರ ಮೇಲೆ ಮಲಗಿಕೊಂಡೇ ಬಂತು. ನಾನು ನೀರು ಹೀರುವ ಒತ್ತು ಕಾಗದ ಹಿಡಿದು ಮುನ್ನುಗ್ಗಿದೆ.

“ಒತ್ತಬ್ಯಾಡ್ರಿ. ಉಳದಿದ್ದೂ ಅದಕ್ಕ ಹತ್ತಿಕೊಂಡು ಹೊಕ್ಕೈತಿ. ತಾನ ಒಣಗಲಿ. ಏ, ಪಂಖಾ ಬಂದ್ ಮಾಡೋ!”

ನಾಗಪುರದ ಮೇ ತಿಂಗಳಲ್ಲಿ ಪಂಖ ನಿಲ್ಲಿಸಿ, ಐವರು ಗಂಡಸರು ಒಂದು ಹಾಳೆಯ ಸುತ್ತ ಕೂತೆವು. ಬೆವರು ಹನಿದೀತೆಂದು ಕಾಕಾ ಎಲ್ಲರನ್ನೂ ಎರಡು ಮಾರು ದೂರ ಸರಿಸಿದರು. ನನ್ನನ್ನು ಮೂರು ಮಾರು. ನಡುವೆ ಮುದುಕರು ಬಾಗಿಲಲ್ಲಿ ಇಣುಕಿ, ಆಯಿತೇ ಎಂದು ಮರಾಠಿಯಲ್ಲಿ ಕೇಳಿದರು. ಒಣಗುತ್ತಿದೆ ಎಂದರು ಗುಮಾಸ್ತರು. ಅಷ್ಟರ ಮಟ್ಟಿಗೆ ಅದು ನಿಜವೇ. ನಾನು ಕರಿಹಲಗೆಯ ಕಡೆ ತಿರುಗಿ ಕೂತೆ. ನೌಕರಿ ಹೋದರೆ ಇನ್ನೊಂದು ಹುಡುಕಬಹುದು. ಆ ಮುದುಕರ ಮುತ್ತಜ್ಜ ಎದ್ದು ಬಂದು ಇನ್ನೊಂದು ಪತ್ರ ಬರೆದುಕೊಡುವುದಿಲ್ಲ.

“ನಮ್ಮಜ್ಜ ಈ ಮಸಿ ಅರೀತಿದ್ದ,” ಎಂದರು ಕಾಕಾ, ಯಾರಿಗೂ ಅಲ್ಲದೆ. “ಅಂವ ಹೇಳಾಂವ, ಭಾಳ ನುಣ್ಣಗ ತಿಕ್ಕಿರದ ಕಾಗದ ಇದ್ರ ಮಸಿ ಸ್ವಲ್ಪ ಕುಡೀತೈತಿ ಅಂತ. ಕುಡದಿದ್ರ ಉಳದೀತು.”

“ಕುಡಿಯದಿದ್ದರೆ?”

“ಕುಡದಿರಬೇಕ್ರಿ.”

ಒಂದೂವರೆ ತಾಸಿಗೆ ಹಾಳೆ ಒಣಗಿತು. ಗುಮಾಸ್ತರು ಭೂತಗನ್ನಡಿ ಹಿಡಿದು ಕಿಟಕಿಯ ಹತ್ತಿರ ಕೂತರು. ಜೀವಮಾನದಲ್ಲಿ ಅವಸರ ಮಾಡಿದ ಜಾತಿಯಲ್ಲ. ಮೇಲಿನ ಸಾಲುಗಳನ್ನು ಮೊದಲೇ ಓದಿದ್ದರೂ ಅಲ್ಲಿಂದಲೇ ಶುರುಮಾಡಿದರು. ಪೂರ್ವಕ್ಕೆ ಹಳ್ಳ, ಪಶ್ಚಿಮಕ್ಕೆ ಮಾವಿನ ತೋಪು. ನಾನು ಕೇಳಲೇಬೇಕಾಯಿತು.

“ನಡುವೆ?”

“ಥಾಂಬಾ,” ಎಂದು ಕೈಯೆತ್ತಿ ನಿಲ್ಲಿಸಿ, ಭೂತಗನ್ನಡಿಯನ್ನು ಧೋತರದ ಅಂಚಿಗೆ ಒರೆಸಿ, ಮತ್ತೆ ಬಗ್ಗಿದರು. ಮಣ್ಣು ಪೂರ್ತಿ ಹೋಗಿತ್ತು. ಅದರಡಿಯ ಅಕ್ಷರಗಳು ಬೂದಿ ಬಣ್ಣಕ್ಕೆ ಇಳಿದಿದ್ದವು, ಇರುವೆ ನಡೆದ ಹಾದಿಯಷ್ಟೇ ತೆಳ್ಳಗೆ.

“ವಿಹೀರ್,” ಎಂದರು. ಬಾವಿ. ಆಮೇಲೆ ಉಸಿರು ಬಿಟ್ಟು, “ದೋಘಾಂಚೀ.”

ಇಬ್ಬರದೂ.

ಸಂತೋಷದ ಭರದಲ್ಲಿ ಬಸ್ತಾ ಹೊರುವವನೊಬ್ಬ ಪಂಖ ಹಾಕಿಬಿಟ್ಟ. ಹಾಳೆ ಎದ್ದಿತು. ಕಾಕಾ ಬೈಗುಳದ ಸಮೇತ ಅದರ ಮೇಲೆ ಎರಡೂ ಅಂಗೈ ಊರಿದರು. ನಾನು ಕುರ್ಚಿಯಲ್ಲಿ ಕುಸಿದು ಕೂತು ನಕ್ಕೆ. ಮೂರು ವಾರದಿಂದ ಕೂಡಿಟ್ಟಿದ್ದ ನಗು, ಬೇಗ ಮುಗಿಯಲಿಲ್ಲ.

“ನಗಾಕೂ ಬರ್ತೈತಲ್ಲ ಇವರಿಗೆ,” ಎಂದರು ಕಾಕಾ.

ಹಲಗೆಯ ಮೂರನೆಯ ನಿಯಮ ಒರೆಸಿ, ಒದ್ದೆ ಮಾಡುವ ಮೊದಲು ಮೂಲೆಯ ಒಂದು ಚುಕ್ಕೆಗೆ ಒಂದೇ ಹನಿ ನೀರಿಟ್ಟು ನೋಡಬೇಕು ಎಂದು ಕಾಕಾ ಹೇಳಿದ ಹಾಗೆ ಬರೆದೆ. ದಫ್ತರಿಯವರ ಎಚ್ಚರಿಕೆಯನ್ನು ಕೇಳದೆ ನಾನು ಮಾಡಿದ ತಪ್ಪಿನಿಂದ ಮಸಿ ಮಸುಕಾಗಿದೆ ಎಂದು ಕಡತದಲ್ಲೂ ಬರೆದು ಸಹಿ ಹಾಕಿದೆ. ಮೇಲಧಿಕಾರಿಗಳು ಅದರ ಪಕ್ಕದಲ್ಲಿ ‘ನೋಡಿದೆ’ ಎಂದಷ್ಟೇ ಬರೆದರು. ಅಷ್ಟು ಕರುಣೆಯ ಮಾತನ್ನು ನಾನು ಸರ್ಕಾರಿ ಕಡತದಲ್ಲಿ ಮತ್ತೆ ಓದಿಲ್ಲ.

ನಕಲು ಸಿದ್ಧವಾದಾಗ ನಾಲ್ಕು ಗಂಟೆ. ಅಸಲನ್ನೂ ಮುದುಕರಿಗೆ ತೋರಿಸಿ, ಅಕ್ಷರ ಮಸುಕಾದದ್ದು ನನ್ನ ಕೈಯಿಂದ ಎಂದು ಹೇಳಿದೆ. ಅವರಿಗೆ ಮೋಡಿ ಬಾರದು, ನನ್ನ ತಪ್ಪೊಪ್ಪಿಗೆಯೂ ಬೇಕಿರಲಿಲ್ಲ. ಬಾವಿ ಎಲ್ಲಿದೆ ಎಂದು ಕೇಳಿದರು. ಗುಮಾಸ್ತರು ತೋರಿಸಿದರು. ಆ ಜಾಗವನ್ನು ಮುಟ್ಟದೆ, ಮೇಲೆ ಬೆರಳಾಡಿಸಿ, ಎರಡು ಸಲ ‘ದೋಘಾಂಚೀ’ ಎಂದುಕೊಂಡರು. ನಕಲನ್ನು ಮಡಚಿ ಟೋಪಿಯೊಳಗೆ ಇಟ್ಟುಕೊಂಡು ಬಾಗಿಲ ತನಕ ಹೋದವರು ತಿರುಗಿ ಬಂದರು.

“ಸಾಹೇಬ್, ಇನ್ನೊಂದು ನಕಲು ಸಿಕ್ಕೀತೇ? ಇದನ್ನು ಅಣ್ಣ ಹರಿದುಹಾಕುತ್ತಾನೆ.”

“ಎಷ್ಟು ಬೇಕಾದರೂ ಬರೆದುಕೊಡುತ್ತೇವೆ,” ಎಂದೆ ಉದಾರವಾಗಿ. ಬರೆಯಬೇಕಾದ ಗುಮಾಸ್ತರು ನನ್ನನ್ನೊಮ್ಮೆ ದಿಟ್ಟಿಸಿ ನೋಡಿ, ಮಸಿಯ ದೌತಿಯ ಮುಚ್ಚಳ ತೆಗೆದರು.