ಬಾಲಕ್ಕೆ ಕಟ್ಟಿದ ದಾರ

ಹುಣಸೂರು ಸಂತೆಯಲ್ಲಿ ಒಣಮೀನಿನ ರಾಶಿಯ ಮುಂದೆ ನಿಂತರೆ ನನ್ನ ಕೈ ಸುಮ್ಮನಿರುವುದಿಲ್ಲ. ಮೊನ್ನೆಯೂ ಒಂದನ್ನೆತ್ತಿ ಕಿವಿರಿನ ಮುಚ್ಚಳ ಬಿಡಿಸಿ ನೋಡಿದೆ. "ಒಣಮೀನ್ನೂ ತಾಜಾ ಐತಾ ಅಂತ ನೋಡ್ತಾರೇನ್ ಸಾ?" ಎಂದು ಮಾರುವವಳು ನಕ್ಕಳು. ನಾನೂ ನಕ್ಕು, ತೂಕ ಹಾಕಿಸಿಕೊಂಡು ಮನೆಗೆ ಬಂದೆ. ನಮ್ಮವ್ವನಿಗೆ ಈಗೀಗ ಒಣಮೀನಿನ ಗೊಜ್ಜು ಬಿಟ್ಟರೆ ಬೇರೇನೂ ರುಚಿಸುವುದಿಲ್ಲ.

ಈ ಚಾಳಿ ಅಂಟಿದ್ದು ಎರಡು ಸಾವಿರದ ಆಸುಪಾಸಿನಲ್ಲಿ, ಮಂಗಳೂರಿನಲ್ಲಿ ಪಿಎಚ್.ಡಿ. ಮಾಡುತ್ತಿದ್ದಾಗ. ಕೆ.ಆರ್. ನಗರದ ಪಕ್ಕದ ನಮ್ಮ ಸಾಲಿಗ್ರಾಮದ ಹೊಳೆ ಮೀನು ಬಿಟ್ಟು ಬೇರೆ ಕಾಣದವನಿಗೆ ಸಮುದ್ರದ ಮೀನೇ ಯಾಕೆ ಬೇಕಿತ್ತೋ, ಕೇಳಬೇಡಿ. ಬೂತಾಯಿಗೆ ದಾಯಾದಿಯಾದ ಪೇಡಿ ಎಂಬ ಮೀನನ್ನು ನೀವು ತಿಂದಿರಬಹುದು. ಮೀನುಗಾರರು ಪೇಡಿ ಎಂದು ಒಂದೇ ಬುಟ್ಟಿಗೆ ಹಾಕುವುದರಲ್ಲಿ ಎರಡು ಜಾತಿಗಳಿವೆ ಎಂಬುದು ನನ್ನ ವಾದ. ಹೊರಗಿನಿಂದ ನೋಡಿದರೆ ಗೊತ್ತಾಗುವುದಿಲ್ಲ. ಕಿವಿರಿನೊಳಗೆ ಬಾಚಣಿಗೆ ಹಲ್ಲಿನಂಥ ಎಳೆಗಳಿರುತ್ತವೆ, ಒಂದರಲ್ಲಿ ಒತ್ತಾಗಿ, ಇನ್ನೊಂದರಲ್ಲಿ ವಿರಳವಾಗಿ. ಅವನ್ನು ಎಣಿಸಬೇಕು, ಅದೇ ಮೀನಿನ ಮಾಂಸದ ಚೂರಿನಿಂದ ಜೀನ್ ಪರೀಕ್ಷೆಯನ್ನೂ ಮಾಡಬೇಕು. ದೇಹ ಹೇಳಿದ್ದೂ ಜೀನ್ ಹೇಳಿದ್ದೂ ಪ್ರತಿ ಮೀನಿನಲ್ಲೂ ತಾಳೆಯಾದರೆ ನಾನು ಗೆದ್ದಂತೆ. ಅದಕ್ಕಾಗಿ ಪ್ರತಿ ಮೀನಿನ ಬಾಲಕ್ಕೂ ದಾರ ಕಟ್ಟಿ ನಂಬರಿನ ಚೀಟಿ, ಮಾಂಸದ ಚೂರಿಗೂ ಅದೇ ನಂಬರು.

ಜೀನ್ ಪರೀಕ್ಷೆ ಮುಗಿದು ಎಳೆ ಎಣಿಸುವುದಷ್ಟೇ ಉಳಿದಿದ್ದಾಗ ಕಾಲೇಜಿನಲ್ಲಿ ಮುಷ್ಕರವಾಗಿ ಹಾಸ್ಟೆಲ್ ಮುಚ್ಚಿದರು. ಸ್ಪಿರಿಟ್ಟಿನಲ್ಲಿ ಮುಳುಗಿಸಿದ ಮೀನಿನ ಜಾಡಿಯನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಊರಿಗೆ ತಂದೆ. ಮಾರನೆಯ ದಿನ ಕೆ.ಆರ್. ನಗರಕ್ಕೆ ಹೋಗಿ ಬರುವಷ್ಟರಲ್ಲಿ ಜಾಡಿ ತೊಳೆದು ಬೋರಲು ಹಾಕಿತ್ತು.

"ಎಣ್ಣಿನ ಕಡೇರು ಬತ್ತಾವ್ರೆ, ಮನೆ ತುಂಬ ಸಾರಾಯಿ ವಾಸ್ನೆ," ಎಂದಳು ಅವ್ವ. "ಮೀನ್ನ ಯಾರಾದ್ರೂ ಸಾರಾಯೀಲಿ ನೆನಾಕ್ತಾರೇನ್ಲಾ? ತಿನ್ನಕ್ಕಂತೂ ಆಗಲ್ಲ, ನಿಂಬೆಗಿಡದ ಬುಡಕ್ಕೆ ಊತಾಕ್ದೆ. ದಾರ ಚೆನ್ನಾಗಿತ್ತು, ಬಿಚ್ಚಿ ಮಡಗಿವ್ನಿ."

ನಮ್ಮ ಕಡೆ ಮೀನು ತೊಳೆದ ನೀರು, ತಲೆ, ಮುಳ್ಳು ಎಲ್ಲ ಹೋಗುವುದು ನಿಂಬೆಗಿಡಕ್ಕೇ. ಬುಡ ಕೆದಕಿದೆ. ಮೀನುಗಳು ಇಡಿಯಾಗಿಯೇ ಸಿಕ್ಕವು. ಆದರೆ ದಾರದ ಜೊತೆ ಚೀಟಿಯೂ ಹೋಗಿ, ಯಾವುದು ಯಾವ ನಂಬರಿನದೆಂದು ದೇವರಿಗೂ ಗೊತ್ತಿರಲಿಲ್ಲ. ಅವ್ವ ಹಿತ್ತಲ ಬಾಗಿಲಲ್ಲಿ ನಿಂತು, "ಬೇಕಾಗಿತ್ತೇನ್ ಮಗ?" ಎಂದಳು.

"ಇಲ್ಲ ಕಣವ್ವ, ಅದ್ರ ಕೆಲ್ಸ ಮುಗ್ದಿತ್ತು," ಎಂದೆ.

ಹೆಣ್ಣಿನ ಕಡೆಯವರು ಬಂದರು, ಉಪ್ಪಿಟ್ಟು ತಿಂದರು, ಹುಡುಗ ಮೀನು ಎಣಿಸುತ್ತಾನೆಂದು ತಿಳಿದು ಮತ್ತೆ ಈ ಕಡೆ ತಲೆ ಹಾಕಲಿಲ್ಲ. ಮಂಗಳೂರಿನಲ್ಲಿ ನನ್ನ ಗುರುಗಳು ಮೊದಲಿನಿಂದ ಮಾಡು ಎಂದರು. ಫೆಲೋಷಿಪ್ ಮುಗಿದಿತ್ತು, ನಾನೂ ಮುಗಿದಿದ್ದೆ. ಎಚ್.ಡಿ. ಕೋಟೆಯಲ್ಲಿ ಕೆರೆಗಳಿಗೆ ಮೀನುಮರಿ ಬಿಡಿಸುವ ನೌಕರಿಗೆ ಸೇರಿಕೊಂಡೆ. ದುಃಖವಾಯಿತೇ ಎಂದರೆ, ಆಯಿತು. ಅದಕ್ಕಿಂತ ಸುಸ್ತೇ ಹೆಚ್ಚು. ಆ ಸುಸ್ತು ಇಷ್ಟು ವರ್ಷವಾದರೂ ಇಳಿದಿಲ್ಲ.

ಮೊನ್ನೆ ಊಟಕ್ಕೆ ಕೂತಾಗ ಅವ್ವ ಮುದ್ದೆ ಮುರಿಯುತ್ತಾ ತಲೆಯೆತ್ತದೆ ಕೇಳಿದಳು: "ಅವತ್ತು ನಿನ್ ಕೆಲ್ಸ ಮುಗ್ದಿರ್ಲಿಲ್ಲ, ಅಲ್ವಾ?"

ನಾನು ಗೊಜ್ಜಿನ ಸೌಟು ಕೈಗೆತ್ತಿಕೊಂಡೆ.

"ಮುಗ್ದಿದ್ರೆ ಯಾರಾದ್ರೂ ಬರಿಗೈಲಿ ಅಂಗೆ ಮಣ್ಣು ಕೆದಕ್ತಾರಾ? ಇವತ್ತು ಬೈತೀಯ, ನಾಳೆ ಬೈತೀಯ ಅಂತ ಕಾದೆ ಕಣಪ್ಪ. ಬೈದ್ಬುಟ್ಟಿದ್ರೆ ನಂಗೂ ಅಗುರಾಗ್ತಿತ್ತು."

ಅವಳಿಗೆ ನೋವಾಗದಿರಲೆಂದು ನಾನು ಆಡಿದ ಮಾತೇ ಇಷ್ಟು ವರ್ಷ ಅವಳನ್ನು ತಿಂದಿತ್ತು. "ಒಂದು ಮಾತು ಕೇಳ್ಬಾರ್ದಿತ್ತಾ ಅವ್ವ? ಅಷ್ಟೂ ಬುದ್ಧಿ ಬೇಡ್ವಾ ನಿಂಗೆ?" ಎಂದೆ. ದನಿ ಏರಿತು, ನಿಜವಾಗಿಯೂ ಸಿಟ್ಟು ಬಂದಿತ್ತು. ಅವ್ವ ಹೂಂ ಎಂದು ತಲೆಯಾಡಿಸಿ, ತಟ್ಟೆ ಮುಂದಕ್ಕೆ ಸರಿಸಿ ಇನ್ನೊಂದಿಷ್ಟು ಗೊಜ್ಜು ಹಾಕಿಸಿಕೊಂಡಳು.