ಪೀಠಕ್ಕೆ ಬೆನ್ನು ಹಾಕಿ ನಿಂತವರು

ಹಳೆಯ ಚರ್ಚೊಂದರ ಬಾಗಿಲಲ್ಲಿ ನಿಂತ ಅಪರಿಚಿತನನ್ನು ಕಂಡು, ಇವನು ಪ್ರಾರ್ಥಿಸಲು ಬಂದವನೋ ನೋಡಲು ಬಂದವನೋ ಎಂದು ನೀವು ಖಚಿತವಾಗಿ ಹೇಳಬಲ್ಲಿರಾ? ಹೇಳಬಹುದೆಂದು ನಾನು ವಾದಿಸುತ್ತಿದ್ದ ಕಾಲವೊಂದಿತ್ತು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪಳಗಿದ ನಾಲಿಗೆ ನನ್ನದು. ಆ ನಾಲಿಗೆಯನ್ನು ಮೊದಲ ಸಲ ಸುಮ್ಮನಾಗಿಸಿದವರು ಸೆವ್ರಿನ್ ಮೇಡಂ.

ಚರ್ಚಿನೊಳಗೆ ಅವರು ನಿಲ್ಲುತ್ತಿದ್ದ ರೀತಿಯೇ ವಿಚಿತ್ರ. ಶಿಲುಬೆಯ ಗುರುತು ಮಾಡಿ, ಕ್ಷಣಕಾಲ ತಲೆಬಾಗಿ, ಅನಂತರ ಪೀಠಕ್ಕೆ ಬೆನ್ನು ಹಾಕಿ ಕಂಬದ ಪಕ್ಕ ನಿಂತುಬಿಡುವರು. ಕನ್ನಡಕ ಹಣೆಯ ಮೇಲೆ, ಮಡಿಸಿದ ಕೊಡೆ ಕಂಕುಳಲ್ಲಿ, ಕಣ್ಣು ಒಳಬರುವವರ ಮುಖದ ಮೇಲೆ. ಯಾರು ಎಲ್ಲಿ ತಡೆದು ನಿಂತರು, ಯಾರ ಕತ್ತು ಯಾವ ಕಡೆ ತಿರುಗಿತು, ಯಾರು ಯಾರಿಗೆ ಅಡ್ಡವಾದರು ಎಂಬುದೇ ಅವರ ಧ್ಯಾನ. ಕುಳಿತುಕೊಳ್ಳಿ ಎಂದರೆ ಒಪ್ಪುತ್ತಿರಲಿಲ್ಲ. "ಕೂತರೆ ಕಣ್ಣೂ ಕೂರ್ತದೆ ಮಾರಾಯಾ" ಎನ್ನುವರು.

ಬಂಟ್ವಾಳದ ಕಡೆಯವರು, ಮನೆಮಾತು ಕೊಂಕಣಿ, ನಮ್ಮೊಡನೆ ಕರಾವಳಿ ಕನ್ನಡ. ತಿರುವನಂತಪುರದ ಕೇಂದ್ರ ಸಂಸ್ಥೆಯೊಂದರಲ್ಲಿ ಉಪಕರಣಗಳ ಪರೀಕ್ಷೆ ನೋಡಿಕೊಳ್ಳುವ ವಿಜ್ಞಾನಿ. ಕೊಚ್ಚಿಯ ಎಡಪ್ಪಳ್ಳಿಯಲ್ಲಿ ಬಾಡಿಗೆ ಕೋಣೆ ಹಿಡಿದು ಐಟಿ ಪಾರ್ಕಿಗೆ ಓಡಾಡುತ್ತಿದ್ದ ನನಗೆ ಅವರು ಸಿಕ್ಕಿದ್ದು ಅಲ್ಲಿನ ಕನ್ನಡಿಗರ ರಾಜ್ಯೋತ್ಸವದಲ್ಲಿ. ಪರಂಪರೆಯ ರಕ್ಷಣೆಗೆ ತಂತ್ರಜ್ಞಾನ ಎಂಬ ವಿಷಯದ ಮೇಲೆ ನಾನು ಆವೇಶದಿಂದ ಮಾತಾಡಿ ಇಳಿದಿದ್ದೆ. ಚಹಾದ ಲೋಟ ಹಿಡಿದುಕೊಂಡೇ ನೇರ ನನ್ನೆದುರು ಬಂದು ನಿಂತರು.

"ಭಾಷಣ ಲಾಯ್ಕ ಉಂಟು. ಕೆಲಸ ಮಾಡ್ಲಿಕ್ಕೂ ಬರ್ತದಾ?"

ಕೆಲಸವಿದ್ದದ್ದು ಫೋರ್ಟ್ ಕೊಚ್ಚಿಯ ಹಳೆಯ ಚರ್ಚೊಂದರಲ್ಲಿ. ಅಲ್ಲಿ ಗೈಡುಗಳು ಕೂಗಿ ಹೇಳುವ ಇತಿಹಾಸ ಪ್ರಾರ್ಥನೆಯನ್ನು ಮುಳುಗಿಸುತ್ತಿತ್ತು. ಕ್ಯಾಮೆರಾಗಳ ಬೆಳಕು ಮೊಣಕಾಲೂರಿದವರ ಕಣ್ಣಿಗೆ ಹೊಡೆಯುತ್ತಿತ್ತು. ಬೇಸತ್ತ ಚರ್ಚಿನ ಸಮಿತಿ ಒಂದು ನಿರ್ಧಾರಕ್ಕೆ ಬಂದಿತ್ತು: ಬರುವ ಹಬ್ಬದ ನಂತರ ಬಾಗಿಲಿಗೆ ಹಗ್ಗ, ಪ್ರವಾಸಿಗರಿಗೆ ಮಧ್ಯಾಹ್ನ ಮಾತ್ರ ಪ್ರವೇಶ. ನನಗೆ ಅದು ನ್ಯಾಯವೆಂದೇ ತೋರಿತ್ತು. ಹಾಗೆಂದಾಗ ಮೇಡಂ ನಡೆಯುತ್ತಿದ್ದವರು ನಿಂತರು.

"ನಾನು ವರ್ಗವಾಗಿ ತಿರುವನಂತಪುರಕ್ಕೆ ಬಂದ ಹೊಸತು. ಅಪ್ಪ ತೀರಿಹೋದ ಸುದ್ದಿ ಬಂದಿತ್ತು. ರೈಲು ಸಂಜೆಗೆ. ಅಷ್ಟರವರೆಗೆ ಎಲ್ಲಿಗೆ ಹೋಗುದು? ಅಲ್ಲಿದ್ದ ಹಳೇ ಚರ್ಚಿಗೆ ಹೋದೆ. ಹೆಗಲಲ್ಲಿ ದೊಡ್ಡ ಬ್ಯಾಗು, ಬಾಯಲ್ಲಿ ಮಲಯಾಳಂ ಇಲ್ಲ. ಬಾಗಿಲಲ್ಲಿದ್ದವ 'ಟೂರಿಸ್ಟ್ ಆಫ್ಟರ್ ಫೋರ್' ಅಂದ. ಮೆಟ್ಟಿಲಲ್ಲಿ ಕೂತು ಅತ್ತೆ. ಈಗ ಹೇಳು, ನಾನು ಯಾರು? ಭಕ್ತೆಯಾ, ಟೂರಿಸ್ಟಾ?"

ನಾನು ಮಾಡಬೇಕಾದ ಕೆಲಸವೇನೆಂದು ಕೇಳಿದೆ.

ಅವರು ವಿಕಾರಿ ಅಚ್ಚನ್ ಅವರನ್ನು, ಎಂದರೆ ಚರ್ಚಿನ ಪಾದ್ರಿಯನ್ನು, ಕಾಡಿ ಬೇಡಿ, ಬೇರೆ ದಾರಿ ತೋರಿಸಲು ಹಬ್ಬದವರೆಗೆ ಗಡುವು ಪಡೆದರು. ಬಾಗಿಲ ಬಳಿ ಟಚ್‌ಸ್ಕ್ರೀನ್ ಇರುವ ಕಂಪ್ಯೂಟರ್ ಇಡುವುದು. ಇತಿಹಾಸ, ಭಿತ್ತಿಚಿತ್ರಗಳ ವಿವರ, ಹಳೆಯ ಸಮಾಧಿಕಲ್ಲುಗಳ ಬರಹ ಎಲ್ಲವನ್ನೂ ಅದರಲ್ಲಿ ತುಂಬುವುದು. ಗೈಡುಗಳು ಕೂಗಬೇಕಿಲ್ಲ, ಪೀಠದ ಮುಂದೆ ಗುಂಪುಗೂಡಬೇಕಿಲ್ಲ. ಪ್ರತಿ ಶನಿವಾರ ಮೇಡಂ ರೈಲಿನಲ್ಲಿ ಎರ್ನಾಕುಳಕ್ಕೆ ಬಂದು, ದೋಣಿ ಹತ್ತಿ ಫೋರ್ಟ್ ಕೊಚ್ಚಿ ಸೇರುವರು; ದೋಣಿಯಲ್ಲೂ ನಿಂತೇ.

ತೆರೆಯ ಮೊದಲ ಪುಟಕ್ಕೆ ಪೀಠದ ಮೇಲಿನ ಮಾತೆಯ ಚಿತ್ರವನ್ನು ಆರಿಸಿದವರು ಅವರೇ. ಮುಟ್ಟಿದರೆ ವಿವರಣೆ ಆರಂಭವಾಗುವಂತೆ ಮಾಡಿದವನು ನಾನು. ಮೊದಲ ಸಂಜೆ ಜಪಸರದ ಪ್ರಾರ್ಥನೆ ನಡೆಯುತ್ತಿತ್ತು. ತ್ರೇಸ್ಯಾ ಅಮ್ಮಚ್ಚಿ ಎಂಬ ವೃದ್ಧೆ ಒಳಬಂದರು. ಹೊಳೆಯುವ ಮಾತೆಯನ್ನು ಕಂಡು ಮುಖವರಳಿತು. ಪ್ರತಿಮೆಯ ಪಾದ ಮುಟ್ಟಿ ಮುತ್ತಿಡುವ ಅಭ್ಯಾಸದಂತೆ ಬೆರಳಿನಿಂದ ತೆರೆಯನ್ನು ಮುಟ್ಟಿ ತುಟಿಗೊತ್ತಿಕೊಂಡರು. ಮಾತೆ ಮಾಯವಾದಳು! ಆ ಜಾಗದಲ್ಲಿ ಗಂಡುಧ್ವನಿಯೊಂದು ಇಂಗ್ಲಿಷಿನಲ್ಲಿ ಅಬ್ಬರಿಸತೊಡಗಿತು. ಅಮ್ಮಚ್ಚಿ ಬೆದರಿ ಹಿಂದೆ ಸರಿದರು; ಜಪ ಅರ್ಧಕ್ಕೆ ನಿಂತಿತು.

ಸಮಿತಿಯ ಸೇವ್ಯರ್ ಚೇಟ್ಟನ್, ಎಂದರೆ ಸೇವ್ಯರಣ್ಣ, ವಿಲ್ಲಿಂಗ್ಡನ್ ಐಲ್ಯಾಂಡಿನ ಬಂದರಿನಲ್ಲಿ ದುಡಿದು ನಿವೃತ್ತರಾದವರು, ಧಾವಿಸಿ ಬಂದರು. "ಎಂತಾ ಮೇಡಂ ಇದು? ಇಷ್ಟು ಕಾಲ ನಮ್ಮ ಮಾತಾವಿಗೆ ಮಲಯಾಳಂ ಸಾಕಾಗಿತ್ತು. ಈಗ ಇಂಗ್ಲಿಷ್ ಟ್ಯೂಷನ್ನಾ?" ಎಂದು ಮಲಯಾಳದಲ್ಲಿ ಕುಟುಕಿದರು. ಸುತ್ತಲಿದ್ದವರು ನಕ್ಕರು. ಮೇಡಂ ನಗಲಿಲ್ಲ.

"ಮುಟ್ಟಬೇಡಿ ಎಂದು ಬೋರ್ಡು ಹಾಕೋಣ" ಎಂದೆ.

"ಮಾತೆಯನ್ನು ಮುಟ್ಟಬೇಡಿ ಅಂತ ಚರ್ಚಿನೊಳಗೆ ಬೋರ್ಡಾ? ಅಜ್ಜಿ ಮಾಡಿದ್ದರಲ್ಲಿ ತಪ್ಪೆಂಥದ್ದುಂಟು?"

"ಹಾಗಾದರೆ ಚಿತ್ರವನ್ನೇ ತೆಗೆಯೋಣ."

"ತೆಗೆದ್ರೆ ನೋಡ್ಲಿಕ್ಕೆ ಬಂದವನಿಗೆ ಇದು ಯಾರ ಮನೆ ಅಂತ ಹೇಗೆ ಗೊತ್ತಾಗ್ಬೇಕು? ನಿನ್ನ ಡಿಬೇಟಿಗೆ ಇಲ್ಲಿ ಕಪ್ ಇಲ್ಲ ಮಾರಾಯಾ. ಯಂತ್ರ ಸರಿ ಮಾಡು."

ಸರಿ ಮಾಡಿದೆವು. ಚಿತ್ರವನ್ನು ಎಷ್ಟು ಮುಟ್ಟಿದರೂ ಮಾತೆ ಅಲುಗಾಡುವುದಿಲ್ಲ; ವಿವರ ಬೇಕಾದವರು ಕೆಳಗಿನ ನೀಲಿ ಪಟ್ಟಿಯನ್ನು ಮುಟ್ಟಬೇಕು; ಧ್ವನಿ ಬರುವುದು ಫೋನಿನಂತೆ ಕಿವಿಗೆ ಹಿಡಿಯುವ ರಿಸೀವರಿನಲ್ಲಿ ಮಾತ್ರ. ಹಬ್ಬದ ಮುನ್ನಾದಿನ ಸಮಿತಿಯವರೆಲ್ಲ ಸಾಲಾಗಿ ನಿಂತರು. ಮೇಡಂ ಎಂದಿನಂತೆ ಪೀಠಕ್ಕೆ ಬೆನ್ನು ಹಾಕಿ ನಿಂತಿದ್ದರು. ಕೊಡೆಯ ಹಿಡಿಯನ್ನು ತಿರುಚುತ್ತಿದ್ದ ಕೈಗೆ ಬಿಡುವಿರಲಿಲ್ಲ.

ಅಮ್ಮಚ್ಚಿ ಬಂದರು. ಅನುಮಾನಿಸುತ್ತ ಮುಟ್ಟಿದರು. ಮಾತೆ ಹಾಗೆಯೇ ಇದ್ದಳು. ಬೆರಳನ್ನು ತುಟಿಗೊತ್ತಿ ಕಣ್ಣು ಮುಚ್ಚಿದರು. ಹಿಂದೆ ಬೆನ್ನುಚೀಲದ ವಿದೇಶಿ ಯುವಕನೊಬ್ಬ ಕಾಯುತ್ತಿದ್ದ. ಸರದಿ ಬಂದಾಗ ಅವನೂ ಚಿತ್ರವನ್ನೇ ಮುಟ್ಟಿದ, ಮತ್ತೆ ಮುಟ್ಟಿದ, ಪೆಚ್ಚಾದ. ಹೊರಟಿದ್ದ ಅಮ್ಮಚ್ಚಿ ಹಿಂತಿರುಗಿ ಅವನ ಮಣಿಕಟ್ಟು ಹಿಡಿದು ನೀಲಿ ಪಟ್ಟಿಯ ಮೇಲಿಟ್ಟರು. "ಅವಿಡೆಯಲ್ಲ ಮೋನೇ, ಇವಿಡೆ." ಅಲ್ಲಿ ಅಲ್ಲ ಮಗನೇ, ಇಲ್ಲಿ. ರಿಸೀವರನ್ನೂ ತಾವೇ ಎತ್ತಿ ಅವನ ಕಿವಿಗಿಟ್ಟರು.

ಹಗ್ಗದ ಮಾತು ಆಮೇಲೆ ಏಳಲಿಲ್ಲ. ಸೇವ್ಯರ್ ಚೇಟ್ಟನ್ ಎಲ್ಲರಿಗೂ ಚಹಾ ತರಿಸಿದರು. ನಾನು ಗೆಲುವಿನ ಸಂಭ್ರಮದಲ್ಲಿದ್ದರೆ, ಮೇಡಂ ಹಣೆ ಗಂಟಿಕ್ಕಿ ಕೇಳಿದರು: "ಅಜ್ಜಿ ಇಲ್ಲದ ದಿವಸ ಎಂಥ ಮಾಡುದು?"

ನಿವೃತ್ತರಾಗಿ ಊರಿಗೆ ಹೊರಟ ದಿನ ಅವರನ್ನು ಬೀಳ್ಕೊಡಲು ತಿರುವನಂತಪುರದ ನಿಲ್ದಾಣಕ್ಕೆ ಹೋಗಿದ್ದೆ. ಮಂಗಳೂರಿನ ರೈಲು ಬರುತ್ತಿದ್ದರೂ ಅದಕ್ಕೆ ಬೆನ್ನು ಹಾಕಿ, ಪ್ಲಾಟ್‌ಫಾರ್ಮಿನ ಜನರನ್ನೇ ನೋಡುತ್ತಿದ್ದರು. "ನೋಡಲ್ಲಿ, ಆ ಹೆಂಗಸಿಗೆ ತನ್ನ ಬೋಗಿ ಯಾವುದು ಅಂತ ಗೊತ್ತಿಲ್ಲ. ಹೋಗು, ಹೇಳು" ಎಂದು ನನ್ನನ್ನು ಅಟ್ಟಿದರು. ನಾನು ಹೇಳಿ ಬರುವಷ್ಟರಲ್ಲಿ ರೈಲು ಚಲಿಸಿತ್ತು. ಕಿಟಕಿಯಿಂದ ಮೇಡಂ ಕೊಡೆ ಬೀಸುತ್ತಿದ್ದರು. ಮತ್ತೆ ಅವರನ್ನು ನೋಡುವ ಯೋಗ ನನಗೆ ಬರಲಿಲ್ಲ.

ಮೇಡಂ ಈಗಿಲ್ಲ. ತ್ರೇಸ್ಯಾ ಅಮ್ಮಚ್ಚಿಯೂ ಇಲ್ಲ. ಆ ಯಂತ್ರವನ್ನು ಕಡಲಿನ ಉಪ್ಪುಗಾಳಿ ತಿಂದುಹಾಕಿತು. ಅದಕ್ಕಿಂತ ಜಾಣ ಯಂತ್ರಗಳು ಬರುತ್ತವೆ, ಬರಲಿ; ಅಜ್ಜಿ ಇಲ್ಲದ ದಿನ ಏನು ಮಾಡುವುದೆಂಬ ಅವರ ಪ್ರಶ್ನೆಗೆ ಮಾತ್ರ ಯಾವ ಯಂತ್ರವೂ ಉತ್ತರ ಕೊಟ್ಟಿಲ್ಲ. ಆದ್ದರಿಂದ ನಿಮ್ಮಲ್ಲಿ ಕೇಳಿಕೊಳ್ಳುತ್ತೇನೆ: ಮುಂದಿನ ಸಲ ಹಳೆಯ ಚರ್ಚೊಂದಕ್ಕೆ ಹೋದಾಗ ಪೀಠದ ಕಡೆ ಕ್ಯಾಮೆರಾ ಎತ್ತುವ ಮುನ್ನ ಒಮ್ಮೆ ಹಿಂತಿರುಗಿ ನಿಲ್ಲಿ. ಬಾಗಿಲಲ್ಲಿ ಯಾರಾದರೂ ತಡವರಿಸುತ್ತಿದ್ದರೆ, ಯಾಕೆ ಬಂದಿರಿ ಎಂದು ಕೇಳದೆ ಅವರಿಗೆ ದಾರಿ ಬಿಡಿ.