ಗೋಡೆಯ ಮೇಲಿನ ಗೆರೆ
ಎಡಬದಿಯಲ್ಲಿ ಓಡಿಸುವ ರಸ್ತೆ ಮುಗಿದು ಬಲಬದಿಯಲ್ಲಿ ಓಡಿಸುವ ರಸ್ತೆ ಶುರುವಾಗುವ ಗಡಿಯ ಗೇಟಿನಲ್ಲಿ, ದಾಟುವ ಗಾಡಿಗಳ ಹೆಡ್‌ಲೈಟ್ ತಿರುಗಿಸಿ ಕೊಡುವುದೇ ದೀಪದ ಮೇಷ್ಟ್ರ ಕೆಲಸ. ತಿರುಗಿಸದಿದ್ದರೆ ಆಚೆಯ ರಸ್ತೆಯಲ್ಲಿ ಬೆಳಕು ಎದುರಿನವರ ಕಣ್ಣಿಗೇ ಬೀಳುತ್ತದೆ. ಲಾರಿಯಾಗಲಿ, ಮಂತ್ರಿಯ ಕಾರಾಗಲಿ, ಸುಣ್ಣ ಬಳಿದ ಗೋಡೆಯ ಮುಂದೆ ನಿಲ್ಲಲೇಬೇಕು. ಮೇಷ್ಟ್ರು ಮಂಡಿಯೂರಿ, ಒಂದು ಕಣ್ಣು ಮುಚ್ಚಿ, ಬೆಳಕು ಬಿದ್ದಲ್ಲಿ ಸೀಮೆಸುಣ್ಣದ ಗೆರೆ ಎಳೆದು, "ಇನ್ನೊಂದು ಕೂದಲೆಳೆ ಕೆಳಗೆ" ಎಂದು ಗೊಣಗುತ್ತಾರೆ. "ಹೊಸ ಗಾಡಿ ಸಾರ್, ದೀಪ ತಾನಾಗೇ ತಿರುಗುತ್ತೆ" ಎಂದು ಯಾರಾದರೂ ಎದೆಯುಬ್ಬಿಸಿದರೆ, "ತಿರುಗುತ್ತಪ್ಪಾ, ಆದ್ರೆ ನಾನು ನೋಡ್ಬೇಕಲ್ಲ" ಎನ್ನುತ್ತಾರೆ. ಮನೆಯಲ್ಲೂ ಇದೇ ಚಾಳಿ. ಮೇಜಿನ ದೀಪವನ್ನು ದಿನಕ್ಕೆ ಹತ್ತು ಸಲ ಬಾಗಿಸಿ, "ಕೈಗೆ ಸಿಕ್ಕಿದ್ರೆ ಸೂರ್ಯನ್ನೂ ಬಗ್ಗಿಸಿ ನಿಲ್ಲಿಸ್ತೀರಿ" ಎಂದು ಹೆಂಡತಿಯಿಂದ ಬೈಸಿಕೊಳ್ಳುತ್ತಾರೆ. ಮನೆಗೆ ಹೊರಡುವ ಮುನ್ನ ಗೋಡೆಯ ಗೆರೆಗಳನ್ನೆಲ್ಲ ಒರೆಸುತ್ತಾರೆ, ಎಲ್ಲಕ್ಕಿಂತ ಮೇಲಿರುವ ಒಂದನ್ನು ಬಿಟ್ಟು. ಅದನ್ನು ಎಳೆದದ್ದು ಕೆಂಪು ಬಣ್ಣದಲ್ಲಿ. ಹನ್ನೊಂದು ವರ್ಷದ ಹಿಂದೆ ಒಂದು ಮುಸ್ಸಂಜೆ ಅಕ್ಕನ ಗಂಡ ಕಾರಿನಲ್ಲಿ ಬಂದು, "ಏನಯ್ಯಾ, ಭಾವನಿಗೂ ಗೋಡೆ ಪರೀಕ್ಷೇನಾ?" ಎಂದು ನಕ್ಕಾಗ, ಮೇಷ್ಟ್ರು ಸಂಕೋಚಕ್ಕೆ ಬಿದ್ದು ಹಾಗೆಯೇ ಗೇಟು ಎತ್ತಿಸಿಬಿಟ್ಟಿದ್ದರು. ಆಚೆ ಎರಡು ಮೈಲಿ ದೂರದಲ್ಲಿ, ಎದುರು ಬಂದ ಸೈಕಲ್ ಸವಾರ ಆ ಕಾರಿನ ಬೆಳಕಿಗೆ ಕಣ್ಣು ಕೋರೈಸಿ ಸೇತುವೆಯಿಂದ ಕೆಳಗೆ ಬಿದ್ದು ಸತ್ತ. ಮರುದಿನ ಮೇಷ್ಟ್ರು ಅದೇ ಕಾರನ್ನು ಗೋಡೆಯ ಮುಂದೆ ನಿಲ್ಲಿಸಿ, ಬೆಳಕು ಬಿದ್ದಲ್ಲಿ ಆ ಕೆಂಪು ಗೆರೆ ಎಳೆದರು. "ಅಷ್ಟು ಮೇಲಿನ ಗೆರೆ ಯಾವ ಗಾಡಿದು ಸಾರ್?" ಎಂದು ಹೊಸ ಡ್ರೈವರುಗಳು ಕೇಳುವುದುಂಟು. ಮೇಷ್ಟ್ರು ಅತ್ತ ನೋಡದೆಯೇ ಹೇಳುತ್ತಾರೆ: "ಗಾಡಿದಲ್ಲಪ್ಪಾ. ಸೈಕಲ್ ಮೇಲೆ ಕೂತೋನ ಕಣ್ಣಿನ ಎತ್ತರ ಅದು."